ಉದುರಲೇಬೇಕಾದ ಕೊಂಬು

ಕನ್ನಡ ಕಲಿತವರಿಗೆ ಕೊಂಬು ಹೊಸದೇನಲ್ಲ. ಒಂದನೇ ಕ್ಲಾಸಿನಲ್ಲೇ ‘ಕ ಕೊಂಬು ಕು, ಕ ಕೊಂಬಿನಿಳಿ ಕೂ’ ಅಂತ ರಾಗವಾಗಿ ಹೇಳಿದವರು ನಾವು. ಸ್ವಲ್ಪ ದೊಡ್ಡವರಾದ ಮೇಲೆ ‘ನಿನಗೇನು ಎರಡು ಕೊಂಬಿದೆಯಾ?’ ಅಂತ ಬೈಸಿಕೊಂಡೂ ಆಗಿದೆ. ಆದರೆ ನಿಜವಾಗಿಯೂ ಒಬ್ಬರ ತಲೆ ಮೇಲೆ ಎರಡು ಕೊಂಬು ಕೂರಿಸೋದು ಎಷ್ಟು ಕಷ್ಟದ ಕೆಲಸ ಅಂತ ಗೊತ್ತಾಗಿದ್ದು ಈ ಸಲದ ರಾಜ್ಯೋತ್ಸವದ ನಾಟಕಕ್ಕೆ ತಯಾರಿ ಮಾಡುವಾಗ.

ನಾಟಕ ನಾವೇ ಬರೆದದ್ದು. ಮಾರೀಚನ ಕಡೆಯಿಂದ ಹೇಳಿದ ಕಥೆ. ರಾವಣನ ಮಾತು ಕೇಳದಿದ್ದರೆ ರಾವಣನ ಕೈಯಲ್ಲಿ ಸಾವು, ಕೇಳಿದರೆ ರಾಮನ ಕೈಯಲ್ಲಿ ಸಾವು. ಹಾಗಾಗಿ ಅವನು ಜಿಂಕೆಯಾಗುತ್ತಾನೆ. ಆ ಜಿಂಕೆಗೆ ನಮ್ಮ ನಾಟಕದಲ್ಲಿ ಒಂದೇ ಒಂದು ಮಾತಿಲ್ಲ, ಒಂಬತ್ತು ನಿಮಿಷದ ಕುಣಿತ ಇದೆ. ಕುಣಿಯೋಕೆ ನಮ್ಮಲ್ಲಿ ಇದ್ದದ್ದು ಒಬ್ಬಳೇ. ಅವಳ ಹೆಸರು ಇಲ್ಲಿ ಬೇಡ, ಈಗ ಕ್ಯಾಂಪಸ್ಸಿನಲ್ಲಿ ಎಲ್ಲರೂ ಅವಳನ್ನು ಜಿಂಕೆ ಅಂತಲೇ ಕರೀತಾರೆ.

ಹೋದ ವರ್ಷ ಇದೇ ಜಿಂಕೆ ಕರಡಿಯಾಗಿದ್ದಳು. ಬಾಡಿಗೆಗೆ ತಂದ ಕರಡಿ ವೇಷ. ಮೈತುಂಬ ನೈಲಾನ್ ಕೂದಲು, ತಲೆಗೆ ಪೂರ್ತಿ ಮುಚ್ಚುವ ದೊಡ್ಡ ಬುರುಡೆ, ನೋಡೋಕೆ ಕರಡಿಯ ಬಾಯಿಯಲ್ಲಿ ಅಂಗೈಯಷ್ಟು ಬಲೆ. ಅವಳ ಚಶ್ಮಾ ಅದರೊಳಗೆ ಹಿಡಿಸಲಿಲ್ಲ. ಹಾಕಿಕೊಂಡಿದ್ದರೂ ಉಸಿರಿನ ಆವಿಗೆ ಮಂಜಾಗಿಬಿಡುತ್ತಿತ್ತು. ಹನ್ನೆರಡು ನಿಮಿಷ ಕುಣಿದು, ಬೆವರಲ್ಲಿ ತೊಯ್ದು, ಚಪ್ಪಾಳೆ ಕೇಳಿಸಿಕೊಂಡು ಇಳಿಯುವಾಗ ವೇದಿಕೆಯ ಮೂರನೇ ಮೆಟ್ಟಿಲು ಅವಳಿಗೆ ಕಾಣಿಸಲೇ ಇಲ್ಲ. ಮಂಡಿಯ ಲಿಗಮೆಂಟ್ ಹರಿಯಿತು. ಎರಡು ತಿಂಗಳು ಬೆಲ್ಟ್ ಕಟ್ಟಿಕೊಂಡು ಓಡಾಡಿದಳು. ಏಳನೇ ವಯಸ್ಸಿನಿಂದ ಕಲಿತ ಭರತನಾಟ್ಯ ನಿಂತೇಹೋಯಿತು. “ಇನ್ನು ವೇಷಗೀಷ ಅಂತ ಹೋದರೆ ನೋಡು” ಅಂತ ಅವರಮ್ಮ ಹೇಳಿದ್ದು ನಮಗೂ ಗೊತ್ತಿತ್ತು.

ಈ ವರ್ಷ ಅವಳೇ ಬಂದು ಕೇಳಿದಳು: “ಜಿಂಕೆ ನಾನು ಮಾಡ್ತೀನಿ. ಆದರೆ ವೇಷ ನೀವೇ ಮಾಡ್ಬೇಕು. ನನ್ನನ್ನ ಕೂರಿಸಿಕೊಂಡು, ಅಳತೆ ತಗೊಂಡು.”

ಅವತ್ತು ಕ್ಯಾಂಟೀನಿನ ಮೇಜಿನ ಮೇಲೆ ನಾವು ಬರೆದುಕೊಂಡದ್ದು ಮೂರೇ ಸಾಲು. ಅವಳಿಗೆ ಕಾಣಬೇಕು. ಅವಳಿಗೆ ಗಾಳಿ ಬೇಕು. ಬಿದ್ದರೆ ವೇಷ ಮುರೀಬೇಕು, ಅವಳಲ್ಲ. ನೋಡೋಕೆ ಚೆನ್ನಾಗಿರಬೇಕು ಅನ್ನೋದನ್ನ ನಾಲ್ಕನೇ ಸಾಲಾಗಿ ಆಮೇಲೆ ಸೇರಿಸಿದೆವು.

ಮೊದಲು ಯಾವ ಜಿಂಕೆ ಅನ್ನೋ ಚರ್ಚೆ. ವಾಲ್ಮೀಕಿ ರಾಮಾಯಣದ ಅರಣ್ಯಕಾಂಡದ ಪ್ರಕಾರ ಆ ಮಾಯಾಮೃಗದ ಮೈಮೇಲೆ ಬೆಳ್ಳಿ ಚುಕ್ಕೆಗಳಿವೆ, ಕೊಂಬಿನ ತುದಿಗೆ ರತ್ನಗಳಿವೆ. ಚುಕ್ಕೆ ಅಂದಮೇಲೆ ನಮ್ಮ ಬಂಡೀಪುರ, ನಾಗರಹೊಳೆ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದಲೇ ಕಾಣೋ ಚುಕ್ಕೆ ಜಿಂಕೆಯೇ ಸರಿ ಅಂತ ತೀರ್ಮಾನ. ಒಬ್ಬ ಕೃಷ್ಣಮೃಗದ ಫೋಟೋ ತೋರಿಸಿದ. ಅದರ ಕೊಂಬು ತಿರುಚಿದ ಸ್ಕ್ರೂ ಥರ ಚೆನ್ನಾಗೇ ಇದೆ. ಆದರೆ ಅದು ಬೇರೆ ಜಾತಿಯ ಕೊಂಬು. ಹಸು, ಮೇಕೆ, ಕೃಷ್ಣಮೃಗದ ಕೊಂಬಿಗೆ ಒಳಗೆ ಎಲುಬು, ಹೊರಗೆ ನಮ್ಮ ಉಗುರಿನಂಥದೇ ವಸ್ತುವಿನ ಕವಚ. ಅದು ಕವಲೊಡೆಯೋದಿಲ್ಲ, ಉದುರೋದೂ ಇಲ್ಲ. ಚುಕ್ಕೆ ಜಿಂಕೆ, ಕಡವೆಗಳದ್ದು ಪೂರ್ತಿ ಎಲುಬಿನ ಕವಲುಗೊಂಬು. ಬೆಳೆಯುವಾಗ ರಕ್ತನಾಳಗಳಿರೋ ಮಖಮಲ್ಲಿನಂಥ ಚರ್ಮ ಅದರ ಮೇಲಿರುತ್ತೆ. ಬೆಳೆದ ಮೇಲೆ ಆ ಚರ್ಮ ಒಣಗಿ ಕಳಚುತ್ತೆ. ಕಾಲ ಬಂದಾಗ ಕೊಂಬೇ ಬುಡದಿಂದ ಉದುರಿ, ಮತ್ತೆ ಹೊಸದು ಹುಟ್ಟುತ್ತೆ. ಕಾಡಿನಲ್ಲಿ ಉದುರಿದ ಕೊಂಬನ್ನು ಮುಳ್ಳುಹಂದಿಗಳು ಕಡಿದು ತಿಂದು ಸುಣ್ಣದಂಶ ಪಡೆಯುತ್ತವೆ.

“ನಮ್ಮಜ್ಜನ ಮನೆ ಜಗಲೀಲಿ ಒಂದು ಜೊತೆ ಇದೆ, ತರ್ಲಾ?” ಅಂದ ಮಲೆನಾಡಿನವನು. ಎಲ್ಲರೂ ಒಟ್ಟಿಗೆ ಬೇಡ ಅಂದೆವು. 2023ರ ಹುಲಿ ಉಗುರಿನ ಗಲಾಟೆ ಇನ್ನೂ ಯಾರಿಗೂ ಮರೆತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ತಾನಾಗೇ ಉದುರಿದ ಕೊಂಬನ್ನೂ ಕಾಡಿನಿಂದ ಎತ್ತಿಕೊಂಡು ಬರುವಂತಿಲ್ಲ. ಅದೂ ಅಲ್ಲದೆ ಎಲುಬಿನ ಭಾರವನ್ನು ಜಿಂಕೆಯ ಕತ್ತು ತಡೆಯುತ್ತೆ. ನಮ್ಮ ಜಿಂಕೆಗೆ ಇರೋದು ಮನುಷ್ಯರ ಕತ್ತು.

ಹಾಗಾಗಿ ಲೆಕ್ಕ ಕತ್ತಿನಿಂದಲೇ ಶುರುವಾಯಿತು. ಮೆಕ್ಯಾನಿಕ್ಸ್ ಪಾಸಾದವರೆಲ್ಲ ಒಮ್ಮೆ ಜೊತೆಗೆ ಮಾಡಿ ನೋಡಿ. ಕೊಂಬುಗಳ ಗುರುತ್ವಕೇಂದ್ರ ಕತ್ತಿನ ಬುಡದಿಂದ ಸುಮಾರು 40 ಸೆಂ.ಮೀ. ಮೇಲಿದೆ ಅಂದುಕೊಳ್ಳಿ. ಅವಳು ನೆಟ್ಟಗೆ ನಿಂತಾಗ ತೊಂದರೆ ಇಲ್ಲ. 30 ಡಿಗ್ರಿ ಬಗ್ಗಿದಳೋ, ಆ ತೂಕ ಕತ್ತನ್ನು ತಿರುಚೋಕೆ ಶುರುಮಾಡುತ್ತೆ. ಪಿವಿಸಿ ಪೈಪ್ ಬಿಸಿಮಾಡಿ ಬಗ್ಗಿಸಿ, ಮೇಲೆ ಎಂ-ಸೀಲ್ ಮೆತ್ತಿ ಮಾಡಿದ ಜೊತೆ 700 ಗ್ರಾಂ ತೂಗುತ್ತಿತ್ತು. ಅಂದರೆ ಟಾರ್ಕ್ 1.37 ನ್ಯೂಟನ್-ಮೀಟರ್. ಅದೇ ಆಕಾರವನ್ನು ಫೋಮಿನಲ್ಲಿ ಮಾಡಿದರೆ ಜೊತೆಗೆ 220 ಗ್ರಾಂ, ಟಾರ್ಕ್ 0.43. ಮೂರು ಪಟ್ಟು ವ್ಯತ್ಯಾಸ. ತಲೆ ಗಿರ್ರನೆ ತಿರುಗಿಸಿ ಥಟ್ಟನೆ ನಿಲ್ಲಿಸುವಾಗಂತೂ ತೂಕ ಎಷ್ಟಿದೆ ಅನ್ನೋದರ ಜೊತೆಗೆ ಎಲ್ಲಿದೆ ಅನ್ನೋದೂ ಮುಖ್ಯ. ಜಡತ್ವ ದೂರದ ವರ್ಗಕ್ಕೆ ತಕ್ಕಂತೆ ಏರುತ್ತೆ. ತುದಿಯಲ್ಲಿ ಕೂರಿಸೋ ರತ್ನ ಐದು ಗ್ರಾಂ ಇದ್ದರೂ ಅದು ಬುಡದ ಐದು ಗ್ರಾಮಿನಂತಲ್ಲ. ವಾಲ್ಮೀಕಿಯ ರತ್ನಗಳನ್ನು ನಾವು ಚಾಕ್ಲೇಟಿನ ಬಣ್ಣದ ಕಾಗದದಲ್ಲಿ ಮುಗಿಸಿದೆವು.

ಥರ್ಮಾಕೋಲ್ ಇನ್ನೂ ಹಗುರ ಅಲ್ವಾ ಅಂತ ನೀವು ಕೇಳಬಹುದು. ಹಗುರವೇ. ಆದರೆ ಅದು ಬಗ್ಗೋದಿಲ್ಲ, ಪಟ್ ಅಂತ ಮುರಿದು ಚೂಪಾದ ಅಂಚು ಬಿಡುತ್ತೆ. ಮೇಲೆ ರಬ್ಬರ್ ಅಂಟು ಹಚ್ಚಿದರೆ ಕರಗಿಯೂ ಹೋಗುತ್ತೆ. ಮಕ್ಕಳ ಕೋಣೆಯ ನೆಲಕ್ಕೆ ಹಾಸ್ತಾರಲ್ಲ, ಒಂದಕ್ಕೊಂದು ಸಿಕ್ಕಿಸೋ ಫೋಮ್ ಚಾಪೆ, ಅದೇ ನಮಗೆ ಸಿಕ್ಕ ಒಳ್ಳೆ ವಸ್ತು. ನಡುವೆ 3 ಮಿ.ಮೀ. ಅಲ್ಯೂಮಿನಿಯಂ ತಂತಿ, ಎರಡೂ ಕಡೆ ಫೋಮ್, ಫೆವಿಬಾಂಡ್. ಎರಡೂ ಮುಖಕ್ಕೆ ಹಚ್ಚಿ, ಒಣಗಲು ಬಿಟ್ಟು, ಆಮೇಲೆ ಒತ್ತಬೇಕು. ಕಿಟಕಿ ತೆಗೆದಿರಲೇಬೇಕು, ಇಲ್ಲದಿದ್ದರೆ ತಲೆ ಸುತ್ತುತ್ತೆ. ಕಟ್ಟರಿನಿಂದ ಅಂಚು ಕೆತ್ತಿ, ಮರಳುಕಾಗದದಲ್ಲಿ ಉಜ್ಜಿ, ಮೇಲೆ ಫೆವಿಕಾಲ್ ನೀರಿನಲ್ಲಿ ಅದ್ದಿದ ಟಿಶ್ಯೂ ಕಾಗದ ಸುತ್ತಿದೆವು. ಸುಕ್ಕುಗಳು ಹಾಗೇ ಒಣಗಿದಾಗ ಕೊಂಬಿನ ಗೀರುಗಳು ತಾವಾಗೇ ಬಂದವು.

ಆಕಾರಕ್ಕೆ ಮಾತ್ರ ಪ್ರಕೃತಿಯನ್ನೇ ನಕಲು ಹೊಡೆದೆವು. ಬಲಿತ ಚುಕ್ಕೆ ಜಿಂಕೆಯ ಒಂದೊಂದು ಕೊಂಬಿಗೆ ಸಾಮಾನ್ಯವಾಗಿ ಮೂರು ತುದಿ. ಹುಬ್ಬಿನ ಮೇಲೆ ಮುಂದಕ್ಕೆ ಚಾಚಿದ್ದು ಒಂದು, ಮೇಲೆ ಹೋಗಿ ಕವಲಾದದ್ದು ಎರಡು. ಬುಡ ದಪ್ಪ, ತುದಿ ಸಣ್ಣ. ಒಂದು ಕಡೆ ಮಾತ್ರ ಹಿಡಿದ ತೊಲೆಯಲ್ಲಿ ಬಾಗುಬಲ ಬುಡದಲ್ಲಿ ಹೆಚ್ಚು, ತುದಿಯಲ್ಲಿ ಸೊನ್ನೆ ಅಂತ ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದ್ದನ್ನ ಜಿಂಕೆ ಹುಟ್ಟಾ ತಿಳಿದುಕೊಂಡಿದೆ.

ತಲೆಗೆ ಕೂರಿಸೋದು ಹೇಗೆ? ಕುಂದಾಪುರದವನು ಯಕ್ಷಗಾನದ ಚೌಕಿಯಲ್ಲಿ ಆಡಿ ಬೆಳೆದವನು. “ವೇಷ ಕಟ್ಟೂದು ಅಂತಾರೆ, ಹಾಕ್ಕೊಳ್ಳೂದು ಅನ್ನಲ್ಲ. ಮೊದ್ಲು ತಲೆಗೆ ಬಟ್ಟೆ ಬಿಗಿ, ಆಮೇಲೆ ಉಳಿದದ್ದು” ಅಂದ. ಹಾಗೇ ಮಾಡಿದೆವು. ಹತ್ತಿ ಬಟ್ಟೆ ಬಿಗಿದು, ಅದರ ಮೇಲೆ ವರ್ಕ್‌ಶಾಪಿನ ಮೂಲೆಯಲ್ಲಿ ಬಿದ್ದಿದ್ದ ಒಡೆದ ಸೇಫ್ಟಿ ಹೆಲ್ಮೆಟ್ಟಿನ ಒಳಗಿನ ಪಟ್ಟಿ. ಹಿಂದಿನ ತಿರುಗಣೆ ತಿರುಗಿಸಿದರೆ ಯಾವ ತಲೆಗೂ ಸರಿಹೋಗುತ್ತೆ. ಜಿಂಕೆಯ ಮುಖವನ್ನು ಅವಳ ಹಣೆಯ ಮೇಲೆ ಟೋಪಿಯಂತೆ ಕೂರಿಸಿದೆವು. ಅವಳ ಸ್ವಂತ ಮುಖ ಪೂರ್ತಿ ತೆರೆದದ್ದು. ಚಶ್ಮಾ ಹಾಕಬಹುದು, ಉಸಿರಾಡಬಹುದು, ಅಭಿನಯವೂ ಕಾಣುತ್ತೆ. ಮೈಗೆ ಕೂದಲಿನ ಬಟ್ಟೆ ಇಲ್ಲ. ಇಟ್ಟಿಗೆ ಬಣ್ಣದ ಹತ್ತಿ ಜುಬ್ಬಾ, ಅದರ ಮೇಲೆ ನೀರಿನ ಬಾಟಲಿಯ ಮುಚ್ಚಳದಿಂದ ಒತ್ತಿದ ಬೆಳ್ಳಿ ಚುಕ್ಕೆಗಳು, ಕೆಲವು ಸಾಲಾಗಿ.

ಮೂರನೇ ಸಾಲು ಇನ್ನೂ ಬಾಕಿ ಇತ್ತು: ವೇಷ ಮುರೀಬೇಕು, ಅವಳಲ್ಲ. ಎಷ್ಟೇ ಹಗುರ ಇರಲಿ, ಓಡುವಾಗ ಕೊಂಬು ಪರದೆಗೋ ಹಗ್ಗಕ್ಕೋ ಸಿಕ್ಕಿಕೊಂಡರೆ ಕತ್ತು ಹಿಂದಕ್ಕೆಳೆಯುತ್ತೆ. ಉತ್ತರ ಜಿಂಕೆಯೇ ಹೇಳಿಕೊಟ್ಟಿತ್ತು. ಕೊಂಬು ಉದುರಬೇಕು. ಹಣೆಯ ಪಟ್ಟಿಗೆ ಎರಡು ಪಿವಿಸಿ ಸಾಕೆಟ್ ಕಟ್ಟಿ, ಅವುಗಳ ಬದಿ ಉದ್ದಕ್ಕೆ ಸೀಳಿದೆವು. ಕೊಂಬಿನ ಬುಡ ಅದರೊಳಗೆ ಕೂರುತ್ತೆ. ಹೊರಗಿನಿಂದ ಹಳೇ ಸೈಕಲ್ ಟ್ಯೂಬ್ ಕತ್ತರಿಸಿದ ರಬ್ಬರ್ ಬಳೆಗಳು ಹಿಡಿದಿರುತ್ತವೆ. ಜೋರಾಗಿ ಎಳೆದರೆ ಸೀಳು ಬಾಯಿಬಿಟ್ಟು ಕೊಂಬು ಕಳಚುತ್ತೆ. ಭೌತಶಾಸ್ತ್ರ ಲ್ಯಾಬಿನ ಸ್ಪ್ರಿಂಗ್ ತಕ್ಕಡಿ ತುದಿಗೆ ಕಟ್ಟಿ ಎಳೆಎಳೆದು ನೋಡಿದೆವು. ಮೂರು ಬಳೆಗೆ ಒಂದು ಜಿಗಿತಕ್ಕೇ ಕಳಚುತ್ತಿತ್ತು, ಏಳಕ್ಕೆ ಕತ್ತು ವಾಲುವಷ್ಟು ಹಿಡಿಯುತ್ತಿತ್ತು. ಐದು ಬಳೆಗೆ ಸುಮಾರು 800 ಗ್ರಾಂ ಎಳೆತಕ್ಕೆ ಬಿಟ್ಟಿತು. ಐದೇ ಇರಲಿ ಅಂತ ಅವಳೇ ಹೇಳಿದಳು, ಕತ್ತು ಅವಳದ್ದು ತಾನೆ.

ಪ್ರದರ್ಶನಕ್ಕೆ ನಾಲ್ಕು ದಿನ ಮುಂಚೆ ಅವರಮ್ಮ ಬಂದರು. ಕರೆದದ್ದು ಅವಳೇ. ರಿಹರ್ಸಲ್ ಹಾಲಿನಲ್ಲಿ ನಾವು ಐದು ಜನ ವೈವಾಗೆ ನಿಂತವರ ಹಾಗೆ ನಿಂತೆವು. ಅಮ್ಮ ಮೊದಲು ಜುಬ್ಬಾದ ಬಟ್ಟೆ ಮುಟ್ಟಿ ನೋಡಿದರು. ಮಗಳ ಕಣ್ಣೆದುರು ಎರಡು ಬೆರಳು ತೋರಿಸಿ “ಇದೆಷ್ಟು?” ಅಂದರು. ಆಮೇಲೆ ಮೆಟ್ಟಿಲು ಹತ್ತಿಸಿ ಇಳಿಸಿದರು, ಮೂರು ಸಲ. ಕೊನೆಗೆ ಕೊಂಬು ತೋರಿಸಿ, “ಇದು ಎಲ್ಲಾದ್ರೂ ಸಿಕ್ಕಿಕೊಂಡ್ರೆ?”

“ಎಳೀರಿ ಆಂಟಿ.”

ಅವರು ಹೆದರುತ್ತಲೇ ಎಳೆದರು. ಕೊಂಬು ಕೈಗೆ ಬಂತು. ಮಗಳ ತಲೆ ಕದಲಲಿಲ್ಲ. ಅಮ್ಮ ಅದನ್ನು ಅಂಗೈ ಮೇಲಿಟ್ಟು ತೂಗಿ ನೋಡಿದರು. “ಇಷ್ಟೇನಾ?” ಅಂದರು. ಮತ್ತೆ ಸಾಕೆಟ್ಟಿಗೆ ಸಿಕ್ಕಿಸಿದ್ದೂ ಅವರೇ. ಹೋಗುವಾಗ ನಮಗೆ ಒಂದೇ ಮಾತು ಹೇಳಿದರು: “ಮೆಟ್ಟಿಲ ಹತ್ರ ಒಬ್ಬರು ನಿಂತಿರಿ.”

ಪ್ರದರ್ಶನದ ದಿನ ಮೆಟ್ಟಿಲ ಹತ್ತಿರ ಇಬ್ಬರು ನಿಂತಿದ್ದೆವು. ಆರನೇ ನಿಮಿಷದಲ್ಲಿ, ರಾಮ ಬೆನ್ನಟ್ಟುವ ಕಡೆ, ಎಡಗಡೆಯ ಪರದೆಯ ಹಗ್ಗಕ್ಕೆ ಒಂದು ಕೊಂಬು ಸಿಕ್ಕಿತು. ನಾವು ಉಸಿರು ಬಿಗಿಹಿಡಿದೆವು. ಕೊಂಬು ಕಳಚಿ ಹಗ್ಗದಲ್ಲೇ ತೂಗಾಡಿತು. ಜಿಂಕೆ ಹೆಜ್ಜೆ ತಪ್ಪಲಿಲ್ಲ. ಒಂದೇ ಕೊಂಬಿನಲ್ಲಿ ತಿರುಗಿ, ಜಿಗಿದು, ಆಚೆ ಹೋಯಿತು. ರಾಮ ಒಂದು ಕ್ಷಣ ನಿಂತು ಆ ಕೊಂಬನ್ನು ನೋಡಿದ. ನಾಟಕದಲ್ಲಿ ಇಲ್ಲದ ನೋಟ ಅದು. ಇದು ನಿಜವಾದ ಜಿಂಕೆಯೋ ಅಲ್ಲವೋ ಅಂತ ಅವನಿಗೆ ಅನುಮಾನ ಬಂದ ಹಾಗಿತ್ತು. ಸಭೆಗೆ ಅದು ನಾಟಕದ ಭಾಗವೇ ಅನ್ನಿಸಿ ಚಪ್ಪಾಳೆ ಬಿತ್ತು.

ಒಟ್ಟು ಖರ್ಚು: ಬಟ್ಟೆ 620, ಫೋಮ್ 380, ಬಣ್ಣ 210, ಅಂಟು 165, ತಂತಿ 140, ಸಾಕೆಟ್ 60, ಕೂಡಿದರೆ 1,575 ರೂಪಾಯಿ. ಹೆಲ್ಮೆಟ್ ಪಟ್ಟಿ ಮತ್ತು ಸೈಕಲ್ ಟ್ಯೂಬಿಗೆ ದುಡ್ಡಿಲ್ಲ. ವೇಷವನ್ನು ಸಂಘದ ಕೋಣೆಯ ಬೀರುವಿನಲ್ಲಿ ಇಟ್ಟಿದ್ದೇವೆ. ಮುಂದಿನ ಬ್ಯಾಚಿನವರು ಯಾರಾದರೂ ಅದನ್ನು ಕಡವೆ ಮಾಡಿಕೊಳ್ಳಬಹುದು, ಇಲ್ಲವೇ ಅಳತೆ ತೆಗೆದು ಹೊಸದೇ ಮಾಡಬಹುದು. ಪೆಟ್ಟಿಗೆಯಲ್ಲಿ ಐದು ಹೆಚ್ಚುವರಿ ರಬ್ಬರ್ ಬಳೆಗಳಿವೆ. ಆದರೆ ಬಳೆಯ ಲೆಕ್ಕ ನಮ್ಮದನ್ನೇ ನಂಬಬೇಡಿ. ವೇಷದೊಳಗೆ ಹೋಗುವವರನ್ನು ಕೂರಿಸಿ, ಅವರ ಕೈಯಲ್ಲೇ ಎಳೆಸಿ ನೋಡಿ. ರಬ್ಬರ್ ಹಳತಾಗುತ್ತೆ, ಕತ್ತುಗಳೂ ಬೇರೆಬೇರೆ.

ನಮ್ಮ ಜಿಂಕೆ ಈಗ ಮತ್ತೆ ನೃತ್ಯದ ಕ್ಲಾಸಿಗೆ ಹೋಗುತ್ತಿದ್ದಾಳೆ, ವಾರಕ್ಕೆ ಎರಡು ದಿನ.