ಕಣಗಿಲೆಯ ಕಟ್ಟಿಗೆ

ಧಾರವಾಡದ ಸೀಮೆಯಲ್ಲಿ ಹಿತ್ತಲಿಗೊಂದು ಕಣಗಿಲೆ ಗಿಡವಿಲ್ಲದ ಹಳೆಯ ಮನೆ ವಿರಳ. ಹೆಚ್ಚು ನೀರು ಬೇಡದ, ದನಗಳು ಸಾಮಾನ್ಯವಾಗಿ ಬಾಯಿ ಹಾಕದ, ವರ್ಷದ ಬಹುಕಾಲ ಹೂ ಬಿಡುವ ಗಿಡವಿದು. ನಮ್ಮ ಮನೆಯ ಬಿಳಿ ಕಣಗಿಲೆಯನ್ನು ತಾಯಿಯವರು ಮದುವೆಯಾಗಿ ಬಂದ ವರ್ಷವೇ ನೆಟ್ಟರಂತೆ. ಬೆಳಗಿನ ಲಿಂಗಪೂಜೆಗೆ ಅದರ ಹೂವಿಲ್ಲದ ದಿನ ನಮಗೆ ನೆನಪಿಲ್ಲ. ಆ ಗಿಡದ ಕಟ್ಟಿಗೆಯಿಂದಲೇ ನಮ್ಮ ಮನೆಯವರು ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಾಯಿತು.

ನಾಲ್ಕು ವರ್ಷಗಳ ಹಿಂದಿನ ಶ್ರಾವಣ. ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮನೆಯಲ್ಲಿ ಗ್ಯಾಸ್ ಇದ್ದರೂ ಬಾಣಂತಿಗೆ ಎರೆಯುವ ನೀರು ತಾಮ್ರದ ಹಂಡೆಯಲ್ಲಿಯೇ ಕಾಯಬೇಕೆಂಬುದು ತಾಯಿಯವರ ಹಟ. ಮಳೆ ಹಿಡಿದಿತ್ತು, ಹತ್ತಿಕಟ್ಟಿಗೆ, ಜಾಲಿಕಟ್ಟಿಗೆ ಎಲ್ಲವೂ ತೊಯ್ದಿದ್ದವು. ಬೇಸಿಗೆಯಲ್ಲಿ ಗೋಡೆಯ ದುರಸ್ತಿಗೆಂದು ನಾವು ಕಡಿಸಿ, ಚಪ್ಪರದ ಕೆಳಗೆ ಒಟ್ಟಿಸಿದ್ದ ಕಣಗಿಲೆಯ ಕೊಂಬೆಗಳು ಮಾತ್ರ ಒಣಗಿದ್ದವು. "ಅವನ್ನೇ ಹಾಕಿರಿ" ಎಂದವರು ನಾವೇ.

ತಾಯಿಯವರು ಒಲೆಯ ಮುಂದೆ ಕುಳಿತು ಊದುಗೊಳವೆಯಿಂದ ಊದತೊಡಗಿದರು. ಊದುವವರು ನಡುನಡುವೆ ಉಸಿರು ಎಳೆದುಕೊಳ್ಳಲೇಬೇಕು. ಹೊಗೆ ತುಂಬಿದ ಬಚ್ಚಲಲ್ಲಿ ಎಳೆದುಕೊಂಡದ್ದೆಲ್ಲ ಹೊಗೆಯೇ. ಕಾಲು ಗಂಟೆಯೊಳಗೆ ಅವರಿಗೆ ತಡೆಯಲಾಗದ ಕೆಮ್ಮು, ಗಂಟಲುರಿ ಹತ್ತಿತು. ಆಮೇಲೆ ತಲೆ ಸುತ್ತಿ ವಾಂತಿಯಾಯಿತು. ಬಚ್ಚಲಿಗೆ ಹೊಂದಿಕೊಂಡ ಕೋಣೆಯಲ್ಲಿಯೇ ಬಾಣಂತಿಯ ಹೊರಸು. ಬಾಗಿಲ ಸಂದಿಯಿಂದ ನುಗ್ಗಿದ ಹೊಗೆಗೆ ಕೂಸು ಕಿರುಚಿಕೊಂಡಿತು. ಮಗಳು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ತಲೆಗೆ ಸ್ಕಾರ್ಫ್ ಸಹ ಇಲ್ಲದೆ, ಮಳೆಯಲ್ಲಿಯೇ ಅಂಗಳಕ್ಕೆ ಓಡಿದಳು.

ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದು, ಒಲೆಗೆ ಏನು ಹಾಕಿದ್ದಿರಿ ಎಂದು. ಕಣಗಿಲೆ ಎಂದೊಡನೆ ಅವರ ಮುಖ ಗಂಭೀರವಾಯಿತು. ತಾಯಿಯವರ ನಾಡಿ ನೋಡಿದರು, ಇಸಿಜಿ ತೆಗೆಸಿದರು, ಒಂದು ರಾತ್ರಿ ಅಲ್ಲಿಯೇ ಇರಿಸಿಕೊಂಡರು. ದೈವದಯೆಯಿಂದ ಹೃದಯಕ್ಕೆ ಏನೂ ಆಗಿರಲಿಲ್ಲ. ಹೊಗೆ ಶ್ವಾಸನಾಳವನ್ನು ಕೆರಳಿಸಿತ್ತು, ಅಷ್ಟೆ. ಕೂಸೂ ಕುಶಲವಾಗಿತ್ತು. ಆದರೆ ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ನಾವು ಕಣ್ಣು ಮುಚ್ಚಲಿಲ್ಲ.

ಎಪ್ಪತ್ತರ ಹತ್ತಿರದ ನಮಗೆ ಈ ಗಿಡ ವಿಷವೆಂಬುದು ತಿಳಿದಿರಲಿಲ್ಲವೇ? ತಿಳಿದಿತ್ತು. ಸಂಸ್ಕೃತದಲ್ಲಿ ಕರವೀರವೆಂಬ ಹೆಸರಿನೊಂದಿಗೆ ಇದಕ್ಕೆ ಅಶ್ವಮಾರಕ, ಹಯಮಾರಕ ಎಂಬ ಹೆಸರುಗಳೂ ಇವೆ. ಕುದುರೆಯನ್ನು ಕೊಲ್ಲುವ ಗಿಡವೆಂದೇ ಅರ್ಥ. ಹಿರಿಯರು ಹೆಸರಿನಲ್ಲಿಯೇ ಎಚ್ಚರಿಕೆ ಇಟ್ಟಿದ್ದರು. ನಮ್ಮ ತಪ್ಪು ತಿಳಿವಳಿಕೆ ಬೇರೆ: ಒಣಗಿದ ಮೇಲೆ ವಿಷ ಹೋಗುತ್ತದೆ, ಬೆಂಕಿಗೆ ಬಿದ್ದ ಮೇಲಂತೂ ಉಳಿಯುವುದೇ ಇಲ್ಲ ಎಂದುಕೊಂಡಿದ್ದೆವು. ಎಲೆ, ಹೂ, ಕಟ್ಟಿಗೆ, ಬೇರು ಎಲ್ಲದರಲ್ಲಿಯೂ ಇರುವ ಒಲಿಯಾಂಡ್ರಿನ್ ಮೊದಲಾದ ವಿಷಗಳು ಹೃದಯದ ಬಡಿತವನ್ನು ಕೆಡಿಸತಕ್ಕವು, ಒಣಗಿದರೂ ನಾಶವಾಗುವುದಿಲ್ಲ. ಒಣಗಿದ ಎಲೆಯ ಕಹಿ ತಗ್ಗುವುದರಿಂದ, ಹಸಿ ಎಲೆಯನ್ನು ಮೂಸಿ ಬಿಡುವ ಎಮ್ಮೆ ಮೇವಿನಲ್ಲಿ ಬೆರೆತ ಒಣ ಎಲೆಯನ್ನು ತಿಂದುಬಿಡುತ್ತದೆ. ಒಂದು ಹಿಡಿ ಎಲೆಯೂ ದನದ ಜೀವಕ್ಕೆ ಸಂಚಕಾರ. ಕಟ್ಟಿಗೆಯನ್ನು ಸುಡಲೇಬಾರದೆಂದು ತಿಳಿದವರು ಹೇಳುವುದು ಈ ಕಾರಣದಿಂದಲೇ.

ಗಂಟೆಯಾಕಾರದ ಹಳದಿ ಹೂ ಬಿಡುವ ಕಾಡುಕಣಗಿಲೆಯ ಮಾತೂ ಇದೇ. ಅದು ಅಮೆರಿಕ ಖಂಡದಿಂದ ಬಂದ ಗಿಡವಾದ್ದರಿಂದ ಹನ್ನೆರಡನೆಯ ಶತಮಾನದ ಶರಣರು ಅದನ್ನು ಕಂಡಿರಲಾರರು. ಅದರ ಬೀಜ ಇನ್ನೂ ಉಗ್ರ. ಮಕ್ಕಳ ಕೈಗೆ ಸಿಗಬಾರದು.

ವಿಷದ ಗಿಡಗಳೆಲ್ಲ ಬೆಂಕಿಯಲ್ಲಿ ಒಂದೇ ರೀತಿ ವರ್ತಿಸುವುದಿಲ್ಲ. ಲಂಟಾನದ ಎಲೆ ದನಗಳಿಗೆ ವಿಷ. ಆದರೆ ಅದರ ಒಣಕಡ್ಡಿ ಎಷ್ಟೋ ಹಳ್ಳಿಗಳಲ್ಲಿ ಉರುವಲು, ಮಲೆ ಮಹದೇಶ್ವರ ಬೆಟ್ಟದ ಕಡೆ ಅದರಿಂದ ಕುರ್ಚಿಗಳನ್ನೂ ಮಾಡುತ್ತಾರೆ. ಇದಕ್ಕೆ ವಿರುದ್ಧವಾಗಿ, ಮಡಿವಾಳರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕೇರುಬೀಜದ ಮರವಿದೆ. ಅದರ ಎಣ್ಣೆ ತಾಗಿದಲ್ಲಿ ಚರ್ಮ ಬೊಬ್ಬೆಯೇಳುತ್ತದೆ. ಸುಟ್ಟರೆ ಆ ಎಣ್ಣೆ ಹೊಗೆಯೊಂದಿಗೆ ಏರಿ ಮುಖ, ಕಣ್ಣು ಬಾತುಕೊಳ್ಳುವಂತೆ ಮಾಡಬಲ್ಲದು.

ಈಗ ಪಟ್ಟಣಗಳಲ್ಲಿ ಕೊಂಬೆಗಳನ್ನು ಚೂರು ಮಾಡುವ ಯಂತ್ರಗಳು ಬಂದಿವೆ. ಕಣಗಿಲೆಯನ್ನು ಅದರಲ್ಲಿ ಹಾಕುವಾಗ ಪುಡಿಯೂ ರಸವೂ ಹಾರುತ್ತವೆ. ಕೈಗವಸು, ಕನ್ನಡಕ, ಮೂಗುಬಾಯಿಗೆ ದಪ್ಪ ವಸ್ತ್ರ ಬೇಕು. ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಆ ಚೂರುಗಳನ್ನು ಕೊಟ್ಟಿಗೆಗೆ ಹಾಸುವುದಾಗಲಿ, ದನ ಕುರಿ ಓಡಾಡುವಲ್ಲಿ ಹರಡುವುದಾಗಲಿ ಸಲ್ಲದು. ಕೊಡಲಿಯಿಂದ ಕಡಿಯುವವರಿಗೂ ಇದೇ ಮಾತು. ಕೆಲಸ ಮುಗಿದೊಡನೆ ಕೊಡಲಿಯನ್ನೂ ಕೈಗಳನ್ನೂ ಸಾಬೂನಿನಿಂದ ತೊಳೆಯಬೇಕು. ಆಳಿಗೆ ಕೈಗವಸು ಕೊಡದೆ ಕಡಿಸಿದವರಲ್ಲಿ ನಾವೂ ಒಬ್ಬರಾಗಿದ್ದೆವೆಂದು ನೆನೆದರೆ ನಾಚಿಕೆಯಾಗುತ್ತದೆ.

ಪೂಜೆಯ ವಿಷಯವನ್ನೂ ಹೇಳಬೇಕು. 2024ರಲ್ಲಿ ಕೇರಳದಲ್ಲಿ ಕಣಗಿಲೆಯನ್ನು ಬಾಯಿಗೆ ಹಾಕಿಕೊಂಡಿದ್ದ ಯುವತಿಯೊಬ್ಬಳು ಮೃತಳಾದ ಬಳಿಕ, ಅಲ್ಲಿಯ ದೇವಸ್ವಂ ಮಂಡಳಿಗಳು ನೈವೇದ್ಯ ಪ್ರಸಾದಗಳಲ್ಲಿ ಈ ಹೂವನ್ನು ಬಳಸಬಾರದೆಂದು ನಿರ್ಧರಿಸಿದವು. ನಮ್ಮಲ್ಲಿ ಅಂಗೈಯ ಲಿಂಗಕ್ಕೆ ಏರಿಸಿದ ಹೂವನ್ನು ಇಳಿಸಿ, ಅದೇ ಕೈಯಿಂದ ಪ್ರಸಾದ ಸ್ವೀಕರಿಸುವವರುಂಟು. ನಾವೀಗ ನಡುವೆ ಕೈ ತೊಳೆಯುತ್ತೇವೆ. ಹೂವು ಬಿದ್ದ ನೀರನ್ನು ತೀರ್ಥದೊಂದಿಗೆ ಬೆರೆಸುವುದಿಲ್ಲ.

ಆಸ್ಪತ್ರೆಯಿಂದ ಬಂದ ಮರುದಿನವೇ ಮಗ ಗಿಡವನ್ನು ಬುಡಸಹಿತ ಕೀಳಿಸಲು ಹೊರಟ. ತಾಯಿಯವರು ಕೋಲೂರಿಕೊಂಡು ಹಿತ್ತಲಿಗೆ ಬಂದು ಅಡ್ಡ ನಿಂತರು. "ಗಿಡದ್ದೇನ ತಪ್ಪೋ ತಮ್ಮಾ? ಒಲಿಗೆ ಹಾಕಿದವ್ರು ನಾವು" ಎಂದರು. ಮೊಮ್ಮಗ ನಮ್ಮತ್ತ ನೋಡಿದ. ನಮಗೆ ತಲೆ ಎತ್ತಲಾಗಲಿಲ್ಲ.

ಗಿಡ ಉಳಿಯಿತು. ಸವರಿದ ಕೊಂಬೆಗಳಿಗಾಗಿ ಹಿತ್ತಲ ಮೂಲೆಯಲ್ಲಿ, ಬಾವಿಯಿಂದಲೂ ಕೊಟ್ಟಿಗೆಯಿಂದಲೂ ದೂರದಲ್ಲಿ, ಆಳಿನೆತ್ತರದ ಗುಂಡಿ ತೋಡಿಸಿದ್ದೇವೆ. ಮಣ್ಣು ಮುಚ್ಚಿದ ಕೊಂಬೆಗಳು ಅಲ್ಲಿಯೇ ಕೊಳೆತು ಮಣ್ಣಾಗುತ್ತವೆ. ಎಂಬತ್ತೊಂಬತ್ತರ ತಾಯಿಯವರು ಕಟ್ಟೆಯ ಮೇಲೆ ಕುಳಿತು, ಒಂದು ಕಡ್ಡಿಯೂ ಹೊರಗೆ ಉಳಿಯದಂತೆ ನೋಡಿಕೊಳ್ಳುತ್ತಾರೆ. ಮೊಮ್ಮಗಳ ಮಗು ಈಗ ಅವರ ಪಕ್ಕದಲ್ಲಿ ಕುಳಿತು, ಬಿದ್ದ ಎಲೆ ಕಂಡಲ್ಲೆಲ್ಲ ಬೆರಳು ತೋರಿಸಿ "ಮುತ್ಯಾ, ಅಲ್ಲಿ ಒಂದದ" ಎಂದು ನಮ್ಮನ್ನು ಓಡಾಡಿಸುತ್ತದೆ.