ಎಳೆ, ಲಾಳಿ ಮತ್ತು ಬೀಗ

ನಾನು ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ನಡುವೆ ಬೆಳೆದವನು. ಅಮ್ಮನ ತವರು ಮೊಳಕಾಲ್ಮೂರು, ಮಾವ ಮಗ್ಗದವರು. ಅಲ್ಲಿನ ರೇಷ್ಮೆ ಸೀರೆಗೆ 2011ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ಜಾವಾದಲ್ಲಿ ಥ್ರೆಡ್ ಕೆಲಸ ಮಾಡ್ತೀನಿ ಅಂದಿದ್ದಕ್ಕೆ ಮಾವ, "ಹಂಗಾರೆ ಅಳಿಯ, ನೀನೂ ನೂಲಿನ ಕಸುಬಿಗೇ ಬಂದಂಗಾತು ಬಿಡು" ಅಂತ ನಕ್ಕರು. ತಮಾಷೆಗೆ ಅಂದದ್ದು, ಆದ್ರೆ ಯೋಚಿಸಿದಷ್ಟೂ ನಿಜ ಅನ್ನಿಸ್ತಾ ಹೋಯ್ತು.

ಅಂಚಿಗೊಂದು ಬಣ್ಣ, ಒಡಲಿಗೊಂದು ಬಣ್ಣ ಬೇಕಾದ ಸೀರೆಗೆ ಮೂರು ಲಾಳಿ ಬೇಕು. ಎರಡು ಅಂಚಿಗೆ ಎರಡು, ಒಡಲಿಗೆ ಒಂದು. ಅಂಚಿನ ಹೊಕ್ಕು ಒಡಲಿನ ಹೊಕ್ಕಿಗೆ ಕೊಂಡಿ ಹಾಕಿಕೊಂಡ ಮೇಲೇ ಮುಂದಿನ ಎಳೆ. ಒಂದು ಲಾಳಿ ಅವಸರ ಮಾಡಿದ್ರೆ ಅಂಚು ಬಿಟ್ಟುಕೊಳ್ಳುತ್ತೆ. ಕಾಯೋದೂ ನೇಯ್ಗೆಯ ಭಾಗವೇ!

ನಮ್ಮ ಥ್ರೆಡ್‌ಗಳಿಗೂ ಇದೇ ಗೋಳು. ಒಂದು ಖಾತೆಯಲ್ಲಿ 500 ರೂಪಾಯಿ ಇದೆ ಅಂದ್ಕೊಳ್ಳಿ. ಒಂದು ಥ್ರೆಡ್ 100 ಸೇರಿಸಬೇಕು, ಇನ್ನೊಂದು 200. ಸೇರಿಸೋದು ಒಂದೇ ಸಾಲಿನ ಕೋಡ್, ಆದ್ರೆ ಒಳಗೆ ಮೂರು ಹೆಜ್ಜೆ: ಓದು, ಕೂಡು, ಬರೆ. ಇಬ್ಬರೂ ಒಟ್ಟಿಗೆ 500 ಓದಿಬಿಟ್ಟರೆ ಒಬ್ಬ 600 ಬರೀತಾನೆ, ಇನ್ನೊಬ್ಬ ಅದರ ಮೇಲೇ 700 ಬರೀತಾನೆ. ಇರಬೇಕಾದ್ದು 800. ನೂರು ರೂಪಾಯಿ ಎಲ್ಲಿ ಹೋಯ್ತು? ಯಾವ ಎರರ್ರೂ ಬರಲ್ಲ, ಯಾರಿಗೂ ಗೊತ್ತಾಗಲ್ಲ...

ಇದಕ್ಕೇ ಬೀಗ. ಜಾವಾದ 'ಸಿಂಕ್ರೊನೈಸ್ಡ್' ಅನ್ನೋ ಪದ ಮಾಡೋದು ಇಷ್ಟೇ, ಒಬ್ಬ ಒಳಗಿದ್ದಾಗ ಮತ್ತೊಬ್ಬ ಬಾಗಿಲಲ್ಲಿ ಕಾಯಬೇಕು. ಡೈಕ್‌ಸ್ಟ್ರಾ 1965ರಲ್ಲೇ ಈ ಸಮಸ್ಯೆಗೆ ಪರಿಹಾರ ಬರೆದಿದ್ದರು. ಅವರ 'ಸೆಮಫೋರ್' ರೈಲ್ವೆಯ ಕೈಮರದ ಹೆಸರು. ಒಂದೇ ಹಳಿ, ಒಂದು ಸಲಕ್ಕೆ ಒಂದೇ ಗಾಡಿ.

ಬೀಗ ಎರಡಾದ್ರೆ ಮತ್ತೊಂದು ಫಜೀತಿ. ನನ್ನ ಕೈಲಿ ಮೊದಲನೇ ಬೀಗ, ನಿಮ್ಮ ಕೈಲಿ ಎರಡನೇದು, ಇಬ್ಬರಿಗೂ ಇನ್ನೊಬ್ಬರದ್ದು ಬೇಕು. "ನೀವು ಮೊದಲು ಬಿಡಿ" ಅಂತ ಇಬ್ಬರೂ ಕೂತರೆ ಅದೇ ಡೆಡ್‌ಲಾಕ್ :) ಮದ್ದು ಸರಳ. ಎಲ್ಲರೂ ಒಂದೇ ಕ್ರಮದಲ್ಲಿ ಬೀಗ ಹಿಡೀಬೇಕು.

ಈಚೆಗೆ ನಮ್ಮ ಟೀಮಿನಲ್ಲಿ ವಾದ ಎದ್ದಿತ್ತು. "ಲಾಕ್ ತೆಗೆದ್ರೆ ಸ್ಪೀಡ್ ಬರುತ್ತೆ, ಟೆಸ್ಟ್ ಎಲ್ಲಾ ಪಾಸ್ ಆಗಿದೆಯಲ್ಲ?" ಅಂತ ಒಬ್ಬರು. ಸಾವಿರ ಸಲ ಪಾಸಾದ ಟೆಸ್ಟು ಇಂಥ ಕಡೆ ಏನನ್ನೂ ಸಾಬೀತು ಮಾಡಲ್ಲ. ಥೆರಾಕ್-25 ಅನ್ನೋ ವಿಕಿರಣ ಚಿಕಿತ್ಸಾ ಯಂತ್ರದ ಕಥೆ ಹೇಳಿದೆ. ಹಿಂದಿನ ಮಾದರಿಯಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದು ಸಾಫ್ಟ್‌ವೇರನ್ನೇ ನಂಬಿದ್ದರು. ಆಪರೇಟರ್ ಬೇಗ ಬೇಗ ಟೈಪ್ ಮಾಡಿದಾಗ ಮಾತ್ರ ಹೊರಬರೋ ತಪ್ಪೊಂದು ಅದರಲ್ಲಿ ಅಡಗಿತ್ತು. 1985ರಿಂದ 87ರೊಳಗೆ ಆ ಯಂತ್ರದಿಂದ ಆರು ಅವಘಡ. ಅತಿ ವಿಕಿರಣಕ್ಕೆ ಸಿಕ್ಕಿ ರೋಗಿಗಳು ಸತ್ತರು.

ಕೊನೆಗೆ ಬೀಗ ಉಳೀತು, ಚಿಕ್ಕದಾಯ್ತು. ಹಂಚಿಕೊಂಡ ಡೇಟಾ ಮುಟ್ಟೋ ನಾಲ್ಕು ಸಾಲಿಗೆ ಮಾತ್ರ ಲಾಕ್, ನಿಧಾನದ ನೆಟ್‌ವರ್ಕ್ ಕೆಲಸ ಎಲ್ಲ ಹೊರಗೆ. ಸ್ಪೀಡೂ ಬಂತು.

2023ರ ಜಾವಾ 21ರಲ್ಲಿ ವರ್ಚುಯಲ್ ಥ್ರೆಡ್ ಬಂದು ಲಕ್ಷಗಟ್ಟಲೆ ಎಳೆ ಬಿಡೋದು ಸಲೀಸಾಗಿದೆ. ಎಳೆ ಅಗ್ಗವಾಯ್ತು ಅಂತ ಕಾಯೋ ಕೆಲಸ ತಪ್ಪಲ್ಲ. ಅಂಚು ಕೂಡಿರೋವರೆಗೂ ಸೀರೆ ಉಟ್ಟವರಿಗೆ ಕೊಂಡಿಯ ನೆನಪೇ ಬರಲ್ಲ. ನಮ್ಮ ಬೀಗಗಳಿಗೂ ಅಷ್ಟೇ ಭಾಗ್ಯ. ನೀವೇನಂತೀರಾ?