ನಮ್ಮ ಹೊಲದಾಗ ಎಣ್ಣಿ ಹೊಡೆದ ಮಾವ

ಕಳೆದ ಅಕ್ಟೋಬರ್‌ನಲ್ಲಿ ಒಂದು ದಿನ ತಾಲ್ಲೂಕು ಕಚೇರಿ ಮುಂದೆ ಸುದ್ದಿಗೆ ಕಾಯುತ್ತಾ ನಿಂತಿದ್ದಾಗ ಅಪ್ಪನ ಫೋನ್ ಬಂತು. "ಎಣ್ಣಿ ಹೊಡಿಯಾಕ ಬಂದಾನಲ್ಲ, ಬದುವಿನ ಮ್ಯಾಲ ಕುಂತುಬಿಟ್ಟಾನ. ಬಾಯಾಗಿಂದ ನೀರು ಸುರಿಯಾಕತ್ತೈತಿ. ದವಾಖಾನಿಗೆ ಕರ್ಕೊಂಡು ಬರಾಕತ್ತೀವಿ" ಅಂದರು.

ಬಂದವರು ನಮ್ಮ ಓಣಿಯವರೇ. ಸಣ್ಣವರಿದ್ದಾಗಿನಿಂದ ನಾವು ಅವರನ್ನು ಮಾವ ಅಂತಲೇ ಕರೆಯೋದು. ಸ್ವಂತ ಜಮೀನಿಲ್ಲ. ಹತ್ತಿ, ಮೆಣಸಿನಕಾಯಿ ಸುಗ್ಗಿ ಬಂದರೆ ಊರಿನ ಅರ್ಧ ಹೊಲಕ್ಕೆ ಎಣ್ಣಿ ಹೊಡೆಯುವವರು ಅವರೇ. ಕೂಲಿ ಟ್ಯಾಂಕಿನ ಲೆಕ್ಕ. 16 ಲೀಟರಿನ ಟ್ಯಾಂಕು ಎಷ್ಟು ಖಾಲಿ ಮಾಡಿದರೆ ಅಷ್ಟು ದುಡ್ಡು.

ಆಸ್ಪತ್ರೆಯಲ್ಲಿ ಡಾಕ್ಟರು ಟಾರ್ಚ್ ಹಾಕಿ ಕಣ್ಣು ನೋಡಿದರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಮೈಯೆಲ್ಲ ಬೆವರು, ತೊಡೆಯ ಮಾಂಸ ತಾನೇ ತಾನಾಗಿ ಅದುರುತ್ತಿತ್ತು. "ಯಾವ ಎಣ್ಣಿ? ಡಬ್ಬಿ ತಂದೀರೇನು?" ಅಂದರು. ಯಾರೂ ತಂದಿರಲಿಲ್ಲ. ಡಬ್ಬಿ ಹೊಲದಲ್ಲೇ ಉಳಿದಿತ್ತು. ಪಕ್ಕದ ಹೊಲದ ಹುಡುಗ ಓಡಿಹೋಗಿ ಲೇಬಲ್ಲಿನ ಫೋಟೋ ತೆಗೆದು ವಾಟ್ಸ್ಆ್ಯಪ್ ಮಾಡಿದ. ಕೆಂಪು ತ್ರಿಕೋನ, ತಲೆಬುರುಡೆ ಗುರುತು. ಅದನ್ನು ನೋಡಿದ ಮೇಲೆ ಡಾಕ್ಟರಿಗೆ ಅನುಮಾನ ಉಳಿಯಲಿಲ್ಲ. ಬಟ್ಟೆ ಬಿಚ್ಚಿಸಿ ಮೈಯೆಲ್ಲ ಸೋಪು ಹಾಕಿ ತೊಳೆಸಿದರು, ಅಟ್ರೋಪಿನ್ ಇಂಜೆಕ್ಷನ್ ಶುರು ಮಾಡಿದರು. ನರ್ಸಮ್ಮ ನಮ್ಮನ್ನು ಪಕ್ಕಕ್ಕೆ ಕರೆದು, "ಕುಡಿದಿದ್ದೋ, ಹೊಡೆಯುವಾಗ ಆಗಿದ್ದೋ?" ಅಂತ ಕೇಳಿದರು. ಹೊಡೆಯುವಾಗ ಆಗಿದ್ದು ಅಂತ ಬರೆಸಿದೆವು. ಅಪ್ಪನಿಗೆ ಅದು ಇಷ್ಟವಾಗಲಿಲ್ಲ. ಪೊಲೀಸರು ನಮ್ಮ ಮನೆ ಬಾಗಿಲಿಗೆ ಬಂದರೆ ಅನ್ನುವ ಭಯ. ಸುಳ್ಳು ಯಾಕೆ, ನಮಗೂ ಇತ್ತು.

ಮಾವ ಬದುಕಿದರು. ಮೂರನೇ ದಿನ ಗಂಜಿ ಕುಡಿದರು, ಐದನೇ ದಿನ ಮನೆಗೆ ಬಂದರು.

ಈಗ ನಮ್ಮ ನಾಚಿಕೆಯ ಕಥೆ. ಅದಾಗುವ ಮೂರು ತಿಂಗಳ ಹಿಂದೆ ರೈತರಿಗೆ ಸುರಕ್ಷತಾ ಕಿಟ್ ಹಂಚುವ ಒಂದು ಕಾರ್ಯಕ್ರಮ ನಡೆದಿತ್ತು. ಕೈಗವಸು, ಕನ್ನಡಕ, ಮಾಸ್ಕ್, ಮೇಲಂಗಿ. ಫೋಟೋ ಸಮೇತ ಸುದ್ದಿ ಬರೆದವರು ನಾವೇ. ಪಹಣಿ ಇದ್ದವರಿಗೆ ಕೊಟ್ಟರು, ಅಪ್ಪನಿಗೂ ಒಂದು ಬಂತು. ಕವರ್ ಕೂಡ ಬಿಚ್ಚದೆ ಅದು ನಮ್ಮ ಅಟ್ಟದ ಮೇಲೆ ಕೂತಿತ್ತು. ನಮ್ಮ ಅಪ್ಪ ಎಣ್ಣಿ ಹೊಡೆಯೋದು ಬಿಟ್ಟು ಹತ್ತು ವರ್ಷದ ಮೇಲಾಯಿತು. ಹೊಡೆಯುವ ಮಾವನಿಗೆ ಪಹಣಿ ಇಲ್ಲ. ಈ ಲೆಕ್ಕ ಸುದ್ದಿ ಬರೆಯುವಾಗ ನಮ್ಮ ತಲೆಗೂ ಹೊಳೆದಿರಲಿಲ್ಲ.

ಎಂಟು ದಿನವಾದ ಮೇಲೆ ಅತ್ತೆ ಮನೆಗೆ ಬಂದರು. ಆಸ್ಪತ್ರೆ ಖರ್ಚು ನಾವೇ ಕೊಟ್ಟಿದ್ದೆವು, ಅದನ್ನು ಉಪಕಾರ ಅಂತಲೇ ಅಂದುಕೊಂಡಿದ್ದೆವು. ಅತ್ತೆ ನೇರವಾಗಿ ಕೇಳಿದರು: "ಔಷಧಿ ರೊಕ್ಕ ಕೊಟ್ರಿ, ಪುಣ್ಯ ಬರಲಿ. ಕುಂತು ತಿಂದ ದಿನದ ಕೂಲಿ ಯಾರ ಕೊಡ್ತಾರಪಾ?" ಮೊದಲು ನಮಗೆ ಸಿಟ್ಟೇ ಬಂತು. ಆಮೇಲೆ ರಾತ್ರಿಯೆಲ್ಲ ಆ ಮಾತು ಕಿವಿಯಲ್ಲೇ ಉಳಿಯಿತು.

ಡಿಪ್ಲೊಮಾ ಓದಿದ ಬುದ್ಧಿ, ಕಾನೂನು ಹುಡುಕಿದೆವು. 1968ರ ಕೀಟನಾಶಕ ಕಾಯ್ದೆ, ಅದರ ಮೇಲೆ 1971ರ ನಿಯಮಗಳು ಇವೆ. 39ನೇ ನಿಯಮದಲ್ಲಿ ಕೀಟನಾಶಕ ತಯಾರಿಸುವವರಿಂದ ಹಿಡಿದು ಸಿಂಪಡಿಸುವವರ ತನಕ ಎಲ್ಲರಿಗೂ ಮೈ ಕಾಯುವ ಬಟ್ಟೆ ಇರಬೇಕು ಅಂತಿದೆ. ಮುಂಗೈ ಅರ್ಧ ಮುಚ್ಚುವ ಕೈಗವಸು, ಕನ್ನಡಕ, ಬೂಟು ಎಲ್ಲ ಬಿಡಿಸಿ ಬರೆದಿದ್ದಾರೆ. ಓದಿ ಖುಷಿಯಾಯಿತು. ಆದರೆ ಅದೇ ಕಾಯ್ದೆಯ 38ನೇ ಕಲಂ ನೋಡಿ: ತಾನು ಸಾಗುವಳಿ ಮಾಡುವ ಜಮೀನಿನಲ್ಲಿ ಕೀಟನಾಶಕ ಬಳಸುವವನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ರೈತನೇ ತನ್ನ ಹೊಲಕ್ಕೆ ಹೊಡೆದುಕೊಳ್ಳುತ್ತಾನೆ, ಅವನನ್ನು ಇನ್‌ಸ್ಪೆಕ್ಟರ್ ಕಾಡಬಾರದು ಅನ್ನುವ ಲೆಕ್ಕ ಇರಬಹುದು. ಕೂಲಿಗೆ ಕರೆಸಿದ ಮಾವ ಇದರಲ್ಲಿ ಎಲ್ಲಿ ಬರುತ್ತಾರೆ? ನಮ್ಮ ಓದಿಗೆ ಕಂಡಂತೆ, ಆ ಸಂದಿಯಲ್ಲೇ ಜಾರಿ ಬೀಳುತ್ತಾರೆ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹೀಗೇ ಹತ್ತಿಗೆ ಹೊಡೆಯುತ್ತಾ ಇಪ್ಪತ್ತರ ಮೇಲೆ ಜನ ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಅವರಲ್ಲಿ ಬಹಳ ಮಂದಿ ಕೂಲಿಯವರು. ಆ ವರ್ಷ ಅಲ್ಲಿ ಹತ್ತಿ ಆಳೆತ್ತರ ಬೆಳೆದಿತ್ತು, ಹೊಡೆದದ್ದೆಲ್ಲ ಮುಖಕ್ಕೇ ಬರುತ್ತಿತ್ತು. ನಮ್ಮ ಹೊಲದ ಹತ್ತಿಯೂ ಮಾವನ ಎದೆಮಟ್ಟ ಇತ್ತು.

ನಾವು ಅಟ್ಟದಿಂದ ಕಿಟ್ ಇಳಿಸಿ ಮಾವನ ಮನೆಗೆ ಒಯ್ದೆವು. ನಕ್ಕುಬಿಟ್ಟರು. "ಈ ಬಿಸಲಾಗ ಇದನ್ನ ಹಾಕ್ಕೊಂಡ್ರ ಎಣ್ಣಿಗೆ ಮೊದಲ ಬಿಸಲಿಗೇ ಸಾಯ್ತೀನಿ ತಮ್ಮಾ." ಅವರ ಮಾತು ಸುಳ್ಳಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಆ ಅಂಗಿ ಹಾಕಿ ಹೆಗಲಿಗೆ ಟ್ಯಾಂಕು ಏರಿಸಿ ನಾವೂ ನೋಡಿದೆವು, ಹತ್ತು ನಿಮಿಷಕ್ಕೆ ಉಸಿರು ಕಟ್ಟಿತು. ಹಂಗಾದರೆ ಅವರು ಮಧ್ಯಾಹ್ನ ಯಾಕೆ ಹೊಡೆಯುತ್ತಾರೆ? ಟ್ಯಾಂಕಿನ ಲೆಕ್ಕ ಇರೋದರಿಂದ. ಬೇಗ ಬೇಗ ಖಾಲಿ ಮಾಡಬೇಕು, ಗಾಳಿ ಎದುರಾದರೂ ನಿಲ್ಲುವಂತಿಲ್ಲ, ಕೈ ತೊಳೆಯಲು ಪುರುಸೊತ್ತಿಲ್ಲ, ಅದೇ ಕೈಯಲ್ಲಿ ತಂಬಾಕು.

ಈ ವರ್ಷ ನಮ್ಮ ಹೊಲಕ್ಕೆ ಟ್ಯಾಂಕಿನ ಲೆಕ್ಕ ಬಿಟ್ಟೆವು. ಬೆಳಿಗ್ಗೆ ಆರಕ್ಕೆ ಶುರು, ಹತ್ತಕ್ಕೆ ಬಂದ್, ಕೂಲಿ ಪೂರ್ತಿ ದಿನದ್ದು. ಬದುವಿನ ಮೇಲೆ ಎರಡು ಕೊಡ ನೀರು, ಸೋಪು ನಾವೇ ಇಡುತ್ತೇವೆ. ಕೈಗವಸು, ಕನ್ನಡಕ, ಮಾಸ್ಕ್, ತುಂಬುತೋಳಿನ ಅಂಗಿ ಈಗ ಹಾಕಿಕೊಳ್ಳುತ್ತಾರೆ. ಬೂಟಿಗೆ ಇನ್ನೂ ಒಪ್ಪಿಲ್ಲ. ಆ ಅಂಗಿ ನಮ್ಮ ಹೊಲದಲ್ಲೇ ತೊಳೆಯಬೇಕು ಅಂತ ಹೇಳಿದ್ದೇವೆ. ಮೊದಲು ಅತ್ತೆ ಅದನ್ನು ಮಕ್ಕಳ ಬಟ್ಟೆ ಜೊತೆ ಒಗೆಯುತ್ತಿದ್ದರು. ನೀರು ಹೊತ್ತು ಟ್ಯಾಂಕು ತುಂಬುವ ಹೆಣ್ಣುಮಕ್ಕಳಿಗೂ ಕೈಗವಸು ಬೇಕು ಅನ್ನೋದು ಮೊನ್ನೆಯಷ್ಟೇ ನೆನಪಾಗಿ ತಂದೆವು.

ನಿಂತುಹೋದ ದಿನಗಳ ಕೂಲಿ? ದಸರಾಕ್ಕೆ ಅರ್ಧ ಕೊಟ್ಟಿದ್ದೆವು, ಉಳಿದದ್ದು ಯುಗಾದಿಗೆ ಕೊಟ್ಟೆವು. ಅಪ್ಪ ಗೊಣಗಿದರು. ಪಕ್ಕದ ಹೊಲದ ಗೌಡರು ಇನ್ನೂ ಗೊಣಗುತ್ತಾರೆ: "ನೀವು ಪೇಪರಿನವರು ಸೇರಿ ಊರಿನ ರೇಟ್ ಕೆಡಿಸಿದ್ರಿ." ಮಾವ ಗೌಡರ ಹೊಲಕ್ಕೆ ಈಗಲೂ ಟ್ಯಾಂಕಿನ ಲೆಕ್ಕದಲ್ಲೇ ಹೋಗುತ್ತಾರೆ. ಹೋಗಬೇಡಿ ಅನ್ನಲು ನಮಗೆ ಬಾಯಿಲ್ಲ, ವಾರದಲ್ಲಿ ನಮ್ಮ ಹೊಲದ ಕೆಲಸ ಒಂದೇ ದಿನ.

ಅತ್ತೆ ಮಾತ್ರ ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಯಾರ ಹೊಲಕ್ಕೇ ಹೋಗಲಿ, ಡಬ್ಬಿ ಒಡೆಯುವ ಮೊದಲು ಲೇಬಲ್ಲಿನ ಫೋಟೋ ತಮ್ಮ ಫೋನಿಗೆ ಬರಬೇಕು. ನಿನ್ನೆ ಸಂಜೆ ಗೌಡರ ಮಗನೇ ಕಳಿಸಿದ್ದನಂತೆ. ಅತ್ತೆ ನಮಗೆ ಫಾರ್ವರ್ಡ್ ಮಾಡಿ ಕೇಳಿದರು, "ಇದು ಕೆಂಪಾ, ಹಳದಿನಾ ನೋಡಪಾ, ನನಗ ಕಣ್ಣು ಸರಿ ಕಾಣಂಗಿಲ್ಲ." ಹಳದಿ ಇತ್ತು. ಕೆಂಪಿಗಿಂತ ಒಂದೇ ಮೆಟ್ಟಿಲು ಕೆಳಗೆ, ಸೋಪು ನೀರು ಒಯ್ಯಲು ಹೇಳಿ ಅಂತ ಬರೆದೆವು.